ಮಕ್ಕಳ ಎಂಎಸ್: ವಾರದ ಇಂಜೆಕ್ಷನ್ನಾ, ದಿನದ ಕ್ಯಾಪ್ಸೂಲಾ?

ಹದಿನಾಲ್ಕರ ಮಗಳ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ (ಎಂಎಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ನರಗಳಿಗೆ ಹಾನಿ ಮಾಡುವ ಕಾಯಿಲೆ) ವಾರದ ಇಂಜೆಕ್ಷನ್ ಇಂಟರ್‌ಫೆರಾನ್ ಬೀಟಾ-1ಎ ಒಳ್ಳೆಯದಾ, ದಿನದ ಕ್ಯಾಪ್ಸೂಲ್ ಫಿಂಗೋಲಿಮಾಡ್ ಒಳ್ಳೆಯದಾ ಅಂತ ಕೇಳಿದ್ದೀರಿ.

ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಫಿಂಗೋಲಿಮಾಡ್ ಕ್ಯಾಪ್ಸೂಲೇ ಮುಂದೆ. 10ರಿಂದ 17 ವರ್ಷದ 215 ಮಕ್ಕಳ ಮೇಲಿನ ಪ್ಯಾರಾಡೈಮ್ಸ್ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಇಂಜೆಕ್ಷನ್ ಪಡೆದವರಿಗಿಂತ ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ ಮರುಕಳಿಕೆ 82% ಕಡಿಮೆ. ಸಣ್ಣ ಅಂತರವಲ್ಲ, ಅಲ್ವಾ? ಆದರೆ ಗಂಭೀರ ಅಡ್ಡಪರಿಣಾಮವೂ ಅದರಲ್ಲೇ ಜಾಸ್ತಿ.

ಕ್ಯಾಪ್ಸೂಲ್‌ಗೆ ತಯಾರಿಯೂ ಜಾಸ್ತಿ. ಚಿಕನ್‌ಪಾಕ್ಸ್ ನಿರೋಧಕ ಶಕ್ತಿ ಇದೆಯಾ ನೋಡಬೇಕು, ಕಣ್ಣು ಪರೀಕ್ಷಿಸಬೇಕು, ಮೊದಲ ಡೋಸ್ ನಂತರ 6 ಗಂಟೆ ಹೃದಯ ಬಡಿತದ ಮೇಲೆ ನಿಗಾ ಇಡಬೇಕು. ಸುಮ್ನೆ ನಿಲ್ಲಿಸಿದರೆ ಕಾಯಿಲೆ ಜೋರಾಗಿ ತಿರುಗಿ ಬರಬಹುದು. ಮಾತ್ರೆ ಮರೆಯುವ ಮಕ್ಕಳಿಗೆ ಇದೇ ತೊಡಕು.

ಇಂಜೆಕ್ಷನ್ ಹಳೆಯ, ಪರಿಚಿತ ಔಷಧಿ. ಚುಚ್ಚಿದ ದಿನ ಜ್ವರ, ಮೈಕೈ ನೋವು.

ಪದೇ ಪದೇ ಮರುಕಳಿಸುತ್ತಿದ್ದರೆ, ಎಂಆರ್‌ಐನಲ್ಲಿ ಮೆದುಳಿನ ಮೇಲೆ ಹೊಸ ಕಲೆಗಳು ಕಂಡರೆ ಕ್ಯಾಪ್ಸೂಲ್ ಬಗ್ಗೆ ನರರೋಗ ತಜ್ಞರನ್ನು ಕೇಳಿ. ಹೃದಯದ ತೊಂದರೆ ಇದ್ದರೆ ಇಂಜೆಕ್ಷನ್ನೇ ವಾಸಿ.