ಅಡ್ಮಿನ್ ಪಾಸ್‌ವರ್ಡ್ ಗೊತ್ತಿಲ್ಲದ ಕಂಪ್ಯೂಟರ್, ಎಂ.ಜಿ. ರಸ್ತೆಯ ಒಂದು ಪುಟ್ಟ ಅಂಗಡಿ

ತುಮಕೂರಿನ ಎಂ.ಜಿ. ರಸ್ತೆ ಹತ್ತಿರ ಒಂದು ಗಲ್ಲಿಯಲ್ಲಿದೆ ಈ ರಿಪೇರಿ ಅಂಗಡಿ. ನೋಡಿದರೆ ಝೆರಾಕ್ಸ್ ಅಂಗಡಿ ಅನ್ನಿಸುತ್ತದೆ. ಆದರೆ ಕೆಲಸ ಗೊತ್ತಿರುವವರು.

ಅಂತರಸನಹಳ್ಳಿ ಮಾರುಕಟ್ಟೆಯಲ್ಲಿರುವ ಚಿಕ್ಕಪ್ಪನ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗ ಕೆಲಸ ಬಿಟ್ಟ. ಅಲ್ಲಿನ ಕಂಪ್ಯೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಅವನಿಗೊಬ್ಬನಿಗೇ ಗೊತ್ತು, ಫೋನ್ ಎತ್ತುವುದಿಲ್ಲ. ಟ್ಯಾಲಿ ಲೆಕ್ಕವೆಲ್ಲ ಅದರೊಳಗೇ, ಬ್ಯಾಕಪ್ ಇಲ್ಲ. ಮೊದಲು ಹೋದ ಅಂಗಡಿಯವರು ಆನ್ ಮಾಡಿಯೂ ನೋಡದೆ "ಫಾರ್ಮ್ಯಾಟ್ ಮಾಡ್ಬೇಕು ಸಾರ್, ಡೇಟಾ ಹೋಗುತ್ತೆ" ಅಂದುಬಿಟ್ಟರು.

ಇಲ್ಲಿ ಮೊದಲು ಕೇಳಿದ್ದು ಕಂಪ್ಯೂಟರ್ ಯಾರದು ಅಂತ. ಬಿಲ್ ತೋರಿಸಿದ ಮೇಲೇ ಕೈ ಹಾಕಿದರು, ಇದು ನನಗೆ ಇಷ್ಟವಾಯಿತು. ಮೈಕ್ರೋಸಾಫ್ಟ್ ಖಾತೆ ಆಗಿದ್ದರೆ ಮೊಬೈಲ್‌ನಲ್ಲೇ ಪಾಸ್‌ವರ್ಡ್ ಬದಲಿಸಬಹುದಿತ್ತು, ನಮಗ್ಯಾಕೆ ದುಡ್ಡು ಕೊಡ್ತೀರಿ ಅಂದರು. ನಮ್ಮದು ವಿಂಡೋಸ್ 10ರ ಲೋಕಲ್ ಖಾತೆ, ಅಂದರೆ ಆ ಕಂಪ್ಯೂಟರ್‌ನಲ್ಲಿ ಮಾತ್ರ ಇರುವ ಖಾತೆ. ತಪ್ಪು ಪಾಸ್‌ವರ್ಡ್ ಹೊಡೆದಾಗ ರೀಸೆಟ್ ಅಂತ ಬಂದು ಮೂರು ಪ್ರಶ್ನೆ ಕೇಳುತ್ತದಲ್ಲ, ಅದರ ಉತ್ತರವೂ ಆ ಹುಡುಗನಿಗೇ ಗೊತ್ತು! ಡಿಸ್ಕ್‌ಗೆ ಬಿಟ್‌ಲಾಕರ್ (ಡಿಸ್ಕ್‌ನ ಡೇಟಾಕ್ಕೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇರಲಿಲ್ಲ, ಬಚಾವ್. ಶಿಫ್ಟ್ ಒತ್ತಿ ಹಿಡಿದು ಪೂರ್ತಿ ಶಟ್‌ಡೌನ್ ಮಾಡಿದರು, ಯಾಕೆಂದರೆ ಫಾಸ್ಟ್ ಸ್ಟಾರ್ಟಪ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಆಗ ಹೊರಗಿನಿಂದ ಡಿಸ್ಕ್‌ನಲ್ಲಿ ಏನಾದರೂ ಬರೆಯಲು ಹೋದರೆ ಫೈಲ್ ಕೆಡಬಹುದು. ಆಮೇಲೆ ವಿಂಡೋಸ್ ಬದಲು ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ, ಪಾಸ್‌ವರ್ಡ್ ವಿವರ ಇರುವ 'ಸ್ಯಾಮ್' ಫೈಲ್‌ನಲ್ಲಿ ಆ ಖಾತೆಯ ಪಾಸ್‌ವರ್ಡ್ ಖಾಲಿ ಮಾಡಿದರು. ಅದಕ್ಕೆ ಬಳಸುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದಂತೆ. 600 ರೂಪಾಯಿ ತೆಗೆದುಕೊಂಡಿದ್ದು ಕೈಚಳಕಕ್ಕೆ, ಜಾಸ್ತಿ ಅನ್ನಿಸಲಿಲ್ಲ. ಟ್ಯಾಲಿ ಫೈಲ್ ಇದ್ದಹಾಗೇ ಇದೆ.

ಒಂದು ದೂರು ಇದೆ. ಹೀಗೆ ಹೊರಗಿನಿಂದ ಪಾಸ್‌ವರ್ಡ್ ಅಳಿಸಿದರೆ ಕ್ರೋಮ್‌ನಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡ್‌ಗಳು ಹೋಗುತ್ತವೆ, ಹಳೆಯ ಪಾಸ್‌ವರ್ಡ್ ಇಲ್ಲದೆ ಅವು ತೆರೆಯುವುದಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ? ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡ್ ಮತ್ತೆ ಹೊಸದು ಮಾಡಿಸಬೇಕಾಯಿತು. ರಸೀದಿಯನ್ನೂ ನಾವೇ ಕೇಳಿ ಬರೆಸಿಕೊಂಡೆವು.

ನಾವಿದ್ದಾಗಲೇ ಒಬ್ಬರು ಹೊಸ ಲ್ಯಾಪ್‌ಟಾಪ್ ತಂದರು. ಅದರಲ್ಲಿ ಬಿಟ್‌ಲಾಕರ್ ಆನ್ ಆಗಿತ್ತು. 48 ಅಂಕಿಯ ರಿಕವರಿ ಕೀ ಇಲ್ಲದೆ ಡೇಟಾ ಯಾರಿಂದಲೂ ತೆಗೆಯೋಕಾಗಲ್ಲ, ಮೈಕ್ರೋಸಾಫ್ಟ್ ಖಾತೆಯಲ್ಲಿ ಸೇವ್ ಆಗಿರಬಹುದು, ಹುಡುಕಿಕೊಂಡು ಬನ್ನಿ ಅಂತ ಒಂದು ಪೈಸೆ ತಗೊಳ್ಳದೆ ಕಳಿಸಿದರು. ಸುಮ್ನೆ ಆಸೆ ಹುಟ್ಟಿಸಲಿಲ್ಲ.

ಗಾಡಿ ನಿಲ್ಲಿಸಲು ಜಾಗವಿಲ್ಲ. ಸಿಪಿಯು ಒಂದೇ ತಗೊಂಡು ಹೋಗಿ, ಮಾನಿಟರ್ ಅವರ ಹತ್ತಿರವೇ ಇದೆ.