ಆಫೀಸ್ ನೆಟ್‌ವರ್ಕ್ ಇಲ್ಲದ ಕಡೆ ಕಂಪನಿ ಲ್ಯಾಪ್‌ಟಾಪ್ ಲಾಗಿನ್: ವರ್ಷಗಟ್ಟಲೆ ಬಳಸಿದವನ ವಿಮರ್ಶೆ

ಕಂಪನಿ ಕೊಟ್ಟ ವಿಂಡೋಸ್ ಲ್ಯಾಪ್‌ಟಾಪನ್ನು ಊರಲ್ಲಿ ಕೂತು ಬಳಸೋದು ಹೇಗಿದೆ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ದಿನನಿತ್ಯ ಚೆನ್ನಾಗಿಯೇ ಇರುತ್ತದೆ, ಪಾಸ್‌ವರ್ಡ್ ಬದಲಾದ ದಿನ ಮಾತ್ರ ತಲೆ ಕೆಡುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಸಾಗರದ ಹತ್ತಿರ ನಮ್ಮೂರಿಗೆ ಬಂದವನು, ಆಮೇಲೆ ಹೆಚ್ಚುಕಡಿಮೆ ಇಲ್ಲಿಂದಲೇ ಕೆಲಸ. ಆಫೀಸು ಬೆಂಗಳೂರಲ್ಲಿ, ಸುಮಾರು 350 ಕಿ.ಮೀ. ದೂರ. ಐಟಿಯವರು "ಒಂದ್ಸಲ ಆಫೀಸಿಗೆ ತಗೊಂಡ್ ಬಂದುಬಿಡಿ ಸರ್, ಎರಡು ನಿಮಿಷದ ಕೆಲಸ" ಅಂದರೆ ಆ ಎರಡು ನಿಮಿಷಕ್ಕೆ ನನಗೆ ಹೋಗಲೊಂದು ರಾತ್ರಿ, ಬರಲೊಂದು ರಾತ್ರಿ ರೈಲಲ್ಲೇ ಹೋಗುತ್ತದೆ. ಹಾಗಾಗಿ ಈ ಲಾಗಿನ್ ವ್ಯವಸ್ಥೆ ಎಲ್ಲಿ ಕೈಕೊಡುತ್ತದೆ ಅಂತ ನನಗೆ ಬಾಯಿಪಾಠ ಆಗಿದೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಮನೆಯಲ್ಲಿ ಪಾಸ್‌ವರ್ಡ್ ಒತ್ತಿದ ಕೂಡಲೇ ಅದು ಬೆಂಗಳೂರಿನ ಸರ್ವರ್‌ಗೆ ಹೋಗಿ ಸರಿಯೋ ತಪ್ಪೋ ಅಂತ ಕೇಳಿಕೊಂಡು ಬರುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಇಂಟರ್ನೆಟ್ಟೇ ಇಲ್ಲದ ಹೊತ್ತಲ್ಲೂ ಲ್ಯಾಪ್‌ಟಾಪ್ ತೆರೆಯುತ್ತದಲ್ವಾ, ಆಗ ಯಾರನ್ನು ಕೇಳುತ್ತದೆ? ತನ್ನನ್ನೇ. ಹಿಂದೆ ಡೊಮೇನ್ ಸರ್ವರ್ (ಕಂಪನಿಯ ಎಲ್ಲ ಅಕೌಂಟ್, ಯಂತ್ರಗಳ ಕೂಟವಾದ ಡೊಮೇನನ್ನು ನೋಡಿಕೊಳ್ಳುವ ಸರ್ವರ್) ಸಿಕ್ಕಾಗ ನೀವು ಸರಿಯಾಗಿ ಲಾಗಿನ್ ಆಗಿದ್ದಿರಲ್ಲ, ಆವತ್ತೇ ವಿಂಡೋಸ್ ನಿಮ್ಮ ಪಾಸ್‌ವರ್ಡಿಂದ ಒಂದು ಹ್ಯಾಶ್ (ಲೆಕ್ಕ ಹಾಕಿ ಪಡೆದ, ವಾಪಸ್ ಪಾಸ್‌ವರ್ಡಾಗಿ ತಿರುಗಿಸಲಾಗದ ಗುರುತು) ಮಾಡಿ ಒಳಗೆ ಇಟ್ಟುಕೊಂಡಿರುತ್ತದೆ. ಪಾಸ್‌ವರ್ಡನ್ನೇ ಇಡುವುದಿಲ್ಲ. ಸರ್ವರ್ ಸಿಗದಿದ್ದರೆ ಆ ಹ್ಯಾಶ್ ಜೊತೆ ತಾಳೆ ನೋಡಿ ಒಳಗೆ ಬಿಡುತ್ತದೆ. ಇದಕ್ಕೆ ತಾನಾಗಿ ಮುಗಿಯುವ ಅವಧಿ ಇಲ್ಲ. ತಿಂಗಳುಗಟ್ಟಲೆ ಆಫೀಸ್ ಕಡೆ ತಲೆ ಹಾಕದಿದ್ದರೂ ನಡೆಯುತ್ತದೆ.

ಇಲ್ಲಿ ಒಂದು ಗಾಳಿಮಾತು ಜೋರಾಗಿ ಓಡಾಡುತ್ತಿದೆ. ಹತ್ತು ಸಲ ಆಫ್‌ಲೈನ್ ಲಾಗಿನ್ ಆದಮೇಲೆ ಲ್ಯಾಪ್‌ಟಾಪ್ ಲಾಕ್ ಆಗಿಬಿಡುತ್ತೆ ಅಂತ. ವಿಂಡೋಸ್‌ನಲ್ಲಿ 10 ಅನ್ನುವ ಸಂಖ್ಯೆ ನಿಜಕ್ಕೂ ಇದೆ. ಆದರೆ ಅದು ಎಷ್ಟು ಸಲ ಅಂತಲ್ಲ, ಎಷ್ಟು ಜನರ ನೆನಪು ಇಟ್ಟುಕೊಳ್ಳಬೇಕು ಅಂತ. ಕೊನೆಗೆ ಲಾಗಿನ್ ಆದ ಹತ್ತು ಬಳಕೆದಾರರ ಗುರುತು ಉಳಿಯುತ್ತದೆ, ಅಷ್ಟೇ. ಕೆಲವು ಕಂಪನಿಗಳು ಅದನ್ನು ಇಳಿಸಿರುತ್ತವೆ. ಸೊನ್ನೆ ಮಾಡಿದ್ದರೆ ಮಾತ್ರ ಮನೆಯಿಂದ ಲಾಗಿನ್ ಆಗುವ ಮಾತೇ ಇಲ್ಲ.

ಈ ಭಾಗಕ್ಕೆ ನನ್ನಿಂದ ಐದಕ್ಕೆ ಐದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಮರ ಬಿದ್ದು ಫೈಬರ್ ತಂತಿ ಕಡಿದುಹೋದಾಗಲೂ ಲ್ಯಾಪ್‌ಟಾಪ್ ತೆರೆದು ಅರ್ಧ ಬರೆದ ಫೈಲ್ ಮುಗಿಸಿದ್ದೇನೆ.

ಇನ್ನು ಕೆಟ್ಟದ್ದು. ನಮ್ಮಲ್ಲಿ ಪಾಸ್‌ವರ್ಡ್ ಆಗಾಗ ಎಕ್ಸ್‌ಪೈರ್ ಆಗುತ್ತದೆ. ವಿಂಡೋಸ್ ಡೊಮೇನ್‌ನಲ್ಲಿ ಯಾರೂ ಕೈ ಹಾಕದಿದ್ದರೆ ಅವಧಿ 42 ದಿನ, ಎಷ್ಟೋ ಕಡೆ ಅದನ್ನು ತಮಗೆ ಬೇಕಾದ ಹಾಗೆ ಬದಲಿಸಿಕೊಂಡಿರುತ್ತಾರೆ. ಆಫೀಸಲ್ಲಿದ್ದರೆ ಕೆಲವು ದಿನ ಮೊದಲೇ ಮೂಲೆಯಲ್ಲಿ ಒಂದು ಎಚ್ಚರಿಕೆ ಬರುತ್ತದೆ. ಮನೆಯಲ್ಲಿ ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ಸಂಪರ್ಕ) ಹಾಕದೆ ಮೇಲ್ ಮತ್ತು ಮೀಟಿಂಗಲ್ಲೇ ಕಾಲ ಕಳೆಯುವವನಿಗೆ ಅದು ಕಾಣಿಸುವುದೇ ಇಲ್ಲ. ಒಂದು ಸೋಮವಾರ ಬೆಳಗ್ಗೆ ನೋಡಿದರೆ ಲ್ಯಾಪ್‌ಟಾಪ್ ಎಂದಿನಂತೆ ತೆರೆಯುತ್ತದೆ, ವಿಪಿಎನ್ ಮಾತ್ರ "ಹೆಸರು ಅಥವಾ ಪಾಸ್‌ವರ್ಡ್ ತಪ್ಪು" ಅನ್ನುತ್ತದೆ. ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡುತ್ತೀರಿ, ಅವರು ಹೊಸ ಪಾಸ್‌ವರ್ಡ್ ಕೊಡುತ್ತಾರೆ. ಈಗ ನಿಮ್ಮ ಹತ್ತಿರ ಎರಡು ಪಾಸ್‌ವರ್ಡ್. ಲ್ಯಾಪ್‌ಟಾಪ್ ತೆರೆಯಲು ಹಳೆಯದು, ಮಿಕ್ಕ ಎಲ್ಲದಕ್ಕೂ ಹೊಸದು. ಲ್ಯಾಪ್‌ಟಾಪ್‌ಗೆ ಪಾಸ್‌ವರ್ಡ್ ಬದಲಾದ ಸುದ್ದಿಯೇ ಮುಟ್ಟಿರುವುದಿಲ್ಲ ಪಾಪ. ಹೊಸದನ್ನು ಒತ್ತಿದರೆ ತಪ್ಪು ಅನ್ನುತ್ತದೆ, ಜನ ಗಾಬರಿಯಾಗಿ ಮತ್ತೆ ರೀಸೆಟ್ ಮಾಡಿಸುತ್ತಾರೆ. ಈಗ ಮೂರು.

ಬಿಡಿಸುವ ದಾರಿ ಸುಲಭ. ಆದರೂ ನಮ್ಮ ಹೆಲ್ಪ್‌ಡೆಸ್ಕ್‌ನಲ್ಲಿ ಇದನ್ನು ಮೊದಲೇ ಹೇಳಿದವರನ್ನು ನಾನು ಕಂಡಿಲ್ಲ. ಹಳೆಯದರಲ್ಲಿ ಲ್ಯಾಪ್‌ಟಾಪ್ ತೆರೆಯಿರಿ. ಹೊಸದರಲ್ಲಿ ವಿಪಿಎನ್ ಹಾಕಿ. ವಿಪಿಎನ್ ಪೂರ್ತಿ ಕೂತಮೇಲೆ ವಿಂಡೋಸ್ ಕೀ ಮತ್ತು ಎಲ್ ಒತ್ತಿ ಪರದೆ ಲಾಕ್ ಮಾಡಿ, ಹೊಸ ಪಾಸ್‌ವರ್ಡಿಂದ ಅನ್‌ಲಾಕ್ ಮಾಡಿ. ಒಳಗಿರುವ ಹ್ಯಾಶ್ ಜೊತೆ ಹೊಂದಿಕೆ ಆಗಲ್ಲ, ಆಗ ಅದು ವಿಪಿಎನ್ ಮೂಲಕ ಸರ್ವರನ್ನು ಕೇಳುತ್ತದೆ, ಸರ್ವರ್ ಸರಿ ಅನ್ನುತ್ತದೆ, ಹೊಸ ಹ್ಯಾಶ್ ಕೂರುತ್ತದೆ. ಲಾಕ್ ಮಾಡಿದ ಕೂಡಲೇ ವಿಪಿಎನ್ ಕಡಿದುಹೋಗುವ ಹಾಗೆ ನಿಮ್ಮ ಕಂಪನಿ ಇಟ್ಟಿದ್ದರೆ ಈ ಉಪಾಯ ನಡೆಯಲ್ಲ, ಆಗ ಐಟಿಯವರಿಗೆ ದೂರಿನ ಟಿಕೆಟ್ ಹಾಕಲೇಬೇಕು.

ಇದಕ್ಕಿಂತ ಒಳ್ಳೆಯದು, ಅವಧಿ ಮುಗಿಯುವ ಮೊದಲೇ ವಿಪಿಎನ್ ಹಾಕಿಕೊಂಡು ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಅಲ್ಲಿಂದಲೇ ಪಾಸ್‌ವರ್ಡ್ ಬದಲಿಸುವುದು. ಸರ್ವರಿನದೂ ಲ್ಯಾಪ್‌ಟಾಪಿನದೂ ಒಟ್ಟಿಗೇ ಬದಲಾಗುತ್ತವೆ. ಬ್ರೌಸರ್‌ನಲ್ಲಿ, ಮೊಬೈಲ್‌ನಲ್ಲಿ ಬದಲಿಸಿದರೆ ಮತ್ತೆ ಅದೇ ಎರಡು ಪಾಸ್‌ವರ್ಡಿನ ಕಥೆ. ನಾನು ತಿಂಗಳ ಮೊದಲ ವಾರಕ್ಕೆ ಮೊಬೈಲಲ್ಲಿ ರಿಮೈಂಡರ್ ಇಟ್ಟುಬಿಟ್ಟಿದ್ದೇನೆ. ಸಂಬಳದ ಸ್ಲಿಪ್ ನೋಡುವ ದಿನವೇ ಇದೂ ಆಗಿಹೋಗುತ್ತದೆ.

ಪಾಸ್‌ವರ್ಡ್ ಬದಲಿಸಿದ ಅರ್ಧ ಗಂಟೆಯಲ್ಲಿ ಅಕೌಂಟ್ ಲಾಕ್ ಆಗುತ್ತಿದ್ದರೆ ಮೊದಲು ನಿಮ್ಮ ಫೋನ್ ನೋಡಿ. ಆಫೀಸ್ ಮೇಲ್‌ಗೆ ಅದರಲ್ಲಿ ಹಳೆಯ ಪಾಸ್‌ವರ್ಡ್ ಹಾಗೇ ಕೂತಿರುತ್ತದೆ, ಅದು ಹಿಂದಿನಿಂದ ಸುಮ್ನೆ ಬಾಗಿಲು ಬಡಿಯುತ್ತಲೇ ಇರುತ್ತದೆ. ಹಳೆಯ ಟ್ಯಾಬ್ ಎಲ್ಲೋ ಕಪಾಟಿನಲ್ಲಿ ಚಾರ್ಜಿಗೆ ಹಾಕಿದ್ದರೆ ಅದನ್ನೂ ನೋಡಿ.

ವಿಪಿಎನ್ ವಿಷಯಕ್ಕೆ ಐದಕ್ಕೆ ಮೂರು. ನಮ್ಮಲ್ಲಿ ಶುರುವಿನಲ್ಲಿ ವಿಪಿಎನ್ ಇದ್ದದ್ದು ಲಾಗಿನ್ ಆದ ಮೇಲೆ ಹಾಕುವಂಥದ್ದು. ಅಂದರೆ ಲ್ಯಾಪ್‌ಟಾಪ್ ಒಳಗೆ ಬಿಟ್ಟರೆ ತಾನೇ ವಿಪಿಎನ್, ವಿಪಿಎನ್ ಇದ್ದರೆ ತಾನೇ ಲ್ಯಾಪ್‌ಟಾಪ್‌ಗೆ ಹೊಸ ಪಾಸ್‌ವರ್ಡ್ ಗೊತ್ತಾಗುವುದು. ಹಳೆಯ ಪಾಸ್‌ವರ್ಡ್ ಮರೆತವನ ಗತಿ ಯೋಚಿಸಿ. ಆಮೇಲೆ ಯಾರೋ ಪುಣ್ಯಾತ್ಮರು ಲಾಗಿನ್‌ಗೆ ಮೊದಲೇ ವಿಪಿಎನ್ ಹಾಕುವ ಸೌಲಭ್ಯ ಕೊಟ್ಟರು. ಲಾಗಿನ್ ಪರದೆಯ ಕೆಳಗೆ ಬಲಮೂಲೆಯಲ್ಲಿ ವೈಫೈ ಗುರುತಿನ ಪಕ್ಕ ಇನ್ನೊಂದು ಪುಟ್ಟ ಗುರುತು ಬರುತ್ತದೆ, ಅದನ್ನು ಒತ್ತಿ ಮೊದಲು ವಿಪಿಎನ್, ಆಮೇಲೆ ಲಾಗಿನ್. ಆಫೀಸಲ್ಲಿ ಕೂತು ಲಾಗಿನ್ ಆದ ಹಾಗೇ ಲೆಕ್ಕ. ಹಳೆಯ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಸಿಸ್ಕೋ, ಪಾಲೋ ಆಲ್ಟೋ ಇಂಥ ದೊಡ್ಡ ವಿಪಿಎನ್‌ಗಳಲ್ಲೆಲ್ಲ ಇದಕ್ಕೆ ಅವಕಾಶ ಇದೆ, ಕಂಪನಿ ಆನ್ ಮಾಡಬೇಕು ಅಷ್ಟೇ. ನಿಮ್ಮಲ್ಲಿ ಆ ಗುರುತು ಕಾಣುತ್ತಿಲ್ಲ ಅಂದರೆ ಕೇಳಿ, ನಾಚಿಕೊಳ್ಳಬೇಡಿ.

ಆದರೆ ಅದಕ್ಕೂ ಇಂಟರ್ನೆಟ್ ಬೇಕಲ್ಲ. ಮನೆ ವೈಫೈ ಮೊದಲೇ ನೆನಪಿದ್ದರೆ ತೊಂದರೆ ಇಲ್ಲ. ಲಾಡ್ಜ್, ಹೋಟೆಲ್, ವಿಮಾನ ನಿಲ್ದಾಣದ ವೈಫೈ ಇಲ್ಲಿ ಕೆಲಸಕ್ಕೆ ಬರಲ್ಲ. ಅವಕ್ಕೆ ಬ್ರೌಸರ್ ತೆರೆದು ಫೋನ್ ನಂಬರ್, ಓಟಿಪಿ ಎಲ್ಲ ಕೊಡಬೇಕು, ಲಾಗಿನ್ ಆಗದೆ ಬ್ರೌಸರ್ ಎಲ್ಲಿಂದ ತರುವುದು. ಫೋನಿನ ಹಾಟ್‌ಸ್ಪಾಟೇ ಗತಿ. ಆಂಡ್ರಾಯ್ಡ್ ಆದರೆ ಯುಎಸ್‌ಬಿ ಕೇಬಲ್ ಚುಚ್ಚಿ ಟೆಥರಿಂಗ್ ಆನ್ ಮಾಡುವುದು ಇನ್ನೂ ವಾಸಿ, ಐಟಿಯವರು ತಡೆಯದಿದ್ದರೆ. ಲ್ಯಾಪ್‌ಟಾಪ್‌ಗೆ ಅದು ನೆಟ್‌ವರ್ಕ್ ಕೇಬಲ್ ಹಾಕಿದ ಹಾಗೆ ಕಾಣಿಸುತ್ತದೆ, ಪಾಸ್‌ವರ್ಡ್ ಗೀಸ್‌ವರ್ಡ್ ಕೇಳಲ್ಲ.

ವಿಪಿಎನ್ ಕೇಳುವ ಓಟಿಪಿ ಬಗ್ಗೆ ಒಂದು ಮಾತು. ಮಲೆನಾಡಿನ ಮನೆಗಳಲ್ಲಿ ಎಸ್ಸೆಮ್ಮೆಸ್ ನಂಬಬೇಡಿ, ವಿಪಿಎನ್ ಕಾದು ಕಾದು ಸುಸ್ತಾದ ಮೇಲೆ ಬರುತ್ತದೆ. ಅಥೆಂಟಿಕೇಟರ್ ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡ್ ಇರುತ್ತದಲ್ಲ, ಅದಕ್ಕೆ ಫೋನಲ್ಲಿ ಸಿಗ್ನಲ್ ಬೇಕಾಗಿಲ್ಲ. ಅದನ್ನು ಕೇಳಿ ಹಾಕಿಸಿಕೊಳ್ಳಿ.

ಡಿಸ್ಕಿಗೇ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಕಥೆ ಬೇರೆಯೇ. ಮಳೆಗಾಲದಲ್ಲಿ ಒಂದು ಬೆಳಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿದರೆ ಲಾಗಿನ್ ಪರದೆಯ ಜಾಗದಲ್ಲಿ ನೀಲಿ ಪರದೆ, ರಿಕವರಿ ಕೀ ಕೊಡಿ ಅಂತ. ಹಿಂದಿನ ರಾತ್ರಿ ಐಟಿಯವರು ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಕಳಿಸಿದ್ದರು. ಕೀ ಅಂದರೆ 48 ಅಂಕಿ, ಅದು ಇರುವುದು ಕಂಪನಿಯ ಕೈಯಲ್ಲಿ. ಕರೆಂಟ್ ಇಲ್ಲ, ಹಾಗಾಗಿ ವೈಫೈ ಇಲ್ಲ, ಹಾಗಾಗಿ ಮನೆಯೊಳಗೆ ಫೋನೂ ಇಲ್ಲ. ನಾನು ಅಂಗಳದ ತುದಿಯಲ್ಲಿ ಕೊಡೆ ಹಿಡಿದು ಫೋನಲ್ಲಿ, ಅಣ್ಣನ ಮಗ ಜಗಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ. ಹೆಲ್ಪ್‌ಡೆಸ್ಕ್ ಹುಡುಗ ಆರಾರು ಅಂಕಿ ಓದುವುದು, ನಾನು ಕೂಗುವುದು, ಇವನು ಒತ್ತುವುದು.

"ಚಿಕ್ಕಪ್ಪಾ, ಐದನೇದು ತಗೊಳ್ತಾ ಇಲ್ಲ!"

"ಐದನೇ ಸೆಟ್ ಇನ್ನೊಂದ್ಸಲ ಹೇಳಪ್ಪಾ, ಮಳೆ ಜೋರಿದೆ, ಫೈವಾ ನೈನಾ ಗೊತ್ತಾಗ್ತಿಲ್ಲ."

"ನೈನ್ ಸರ್, ಒಂಬತ್ತು, ಒಂಬತ್ತು!"

ಇದರಲ್ಲಿ ನನಗೆ ಖುಷಿ ಕೊಟ್ಟ ಒಂದು ಸಂಗತಿ ಇದೆ. ಆ ಆರು ಅಂಕಿಯ ಎಂಟು ಗುಂಪುಗಳಲ್ಲಿ ಪ್ರತಿಯೊಂದೂ 11ರಿಂದ ಭಾಗವಾಗುವ ಸಂಖ್ಯೆ. ಒಂದು ಅಂಕಿ ತಪ್ಪಿದರೂ ಆ ಗುಂಪು ಭಾಗವಾಗಲ್ಲ, ಅಲ್ಲೇ ಸಿಕ್ಕಿಬೀಳುತ್ತದೆ. 48 ಅಂಕಿ ಪೂರ್ತಿ ಒತ್ತಿ ಕೊನೆಗೆ ತಪ್ಪು ಅನ್ನಿಸಿಕೊಳ್ಳುವ ಗೋಳಿಲ್ಲ. ಯಾರು ಯೋಚಿಸಿದ್ದೋ, ಫೋನಲ್ಲಿ ಓದಿ ಹೇಳುವ ಕಷ್ಟ ಗೊತ್ತಿದ್ದವರೇ ಇರಬೇಕು. ಆ ನೀಲಿ ಪರದೆಯಲ್ಲಿ ಕೀ ಐಡಿ ಅಂತ ಒಂದು ಇರುತ್ತದೆ, ಫೋನ್ ಮಾಡುವ ಮೊದಲು ಅದರ ಮೊದಲ ಎಂಟು ಅಕ್ಷರ ಬರೆದಿಟ್ಟುಕೊಳ್ಳಿ. ಅದನ್ನು ಹೇಳಿದರೆ ಅವರಿಗೆ ಹುಡುಕುವುದು ಬೇಗ ಆಗುತ್ತದೆ.

2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಅಪ್‌ಡೇಟಿಂದ ಪ್ರಪಂಚದ ತುಂಬ ವಿಂಡೋಸ್ ಯಂತ್ರಗಳು ಮಲಗಿದವಲ್ಲ, ಮೈಕ್ರೋಸಾಫ್ಟ್ ಅಂದಾಜಿನಲ್ಲಿ ಸುಮಾರು 85 ಲಕ್ಷ, ಅವತ್ತು ದೂರ ಕೂತವರ ಕಷ್ಟಕ್ಕೆ ದೊಡ್ಡ ಕಾರಣ ಇದೇ ಕೀ. ಕೆಟ್ಟ ಫೈಲ್ ಅಳಿಸಲು ಸೇಫ್ ಮೋಡ್‌ಗೆ (ತೀರಾ ಬೇಕಾದಷ್ಟನ್ನೇ ಇಟ್ಟುಕೊಂಡು ವಿಂಡೋಸ್ ತೆರೆಯುವ ವಿಧಾನ) ಹೋಗಬೇಕು, ಬಿಟ್‌ಲಾಕರ್ ಹಾಕಿದ ಯಂತ್ರ ಅದಕ್ಕೆ ಮೊದಲು ಕೀ ಕೇಳುತ್ತಿತ್ತು.

"ತುಂಬ ದಿನ ಆಫೀಸಿಗೆ ಬರದಿದ್ದರೆ ಲ್ಯಾಪ್‌ಟಾಪ್ ಡೊಮೇನಿಂದ ಬಿದ್ದುಹೋಗುತ್ತೆ" ಅಂತ ಹೆದರಿಸುವವರಿದ್ದಾರೆ. ಲ್ಯಾಪ್‌ಟಾಪ್‌ಗೂ ಸರ್ವರ್‌ಗೂ ನಡುವೆ ಅವರದೇ ಒಂದು ಪಾಸ್‌ವರ್ಡ್ ಇದೆ, 30 ದಿನಕ್ಕೊಮ್ಮೆ ಬದಲಾಗುತ್ತದೆ, ನಿಜ. ಆದರೆ ಬದಲಿಸುವ ಕೆಲಸ ಶುರು ಮಾಡುವುದು ಲ್ಯಾಪ್‌ಟಾಪೇ. ಸರ್ವರ್ ಸಿಗದಿದ್ದರೆ ಅದು ಸುಮ್ನಿರುತ್ತದೆ, ಸಿಕ್ಕ ದಿನ ಬದಲಿಸುತ್ತದೆ. ದೂರ ಇದ್ದ ಮಾತ್ರಕ್ಕೆ ಏನೂ ಆಗಲ್ಲ. ಬಹಳ ದಿನ ಕಾಣದ ಯಂತ್ರಗಳನ್ನು ಐಟಿಯವರೇ ಪಟ್ಟಿಯಿಂದ ತೆಗೆದುಹಾಕಿದರೆ, ಅಥವಾ ಯಾರಾದರೂ ಹಳೆಯ ಬ್ಯಾಕಪ್ ಹಾಕಿ ಯಂತ್ರವನ್ನು ಹಿಂದಕ್ಕೆ ಒಯ್ದರೆ ಆಗ ಸಂಬಂಧ ಮುರಿಯುತ್ತದೆ. ವಾರಕ್ಕೊಂದು ಸಲ ವಿಪಿಎನ್ ಹಾಕಿ ಒಂದಷ್ಟು ಹೊತ್ತು ಬಿಟ್ಟರೆ ಪಟ್ಟಿಯಿಂದ ಹೋಗುವ ಭಯವೂ ಇಲ್ಲ.

ಪಿನ್ ಬಂದಮೇಲೆ ಜೀವನ ಹಗುರಾಗಿದೆ. ಪಾಸ್‌ವರ್ಡ್ ಬದಲು ಒತ್ತುವ ವಿಂಡೋಸ್ ಹೆಲೋ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು, ಪಾಸ್‌ವರ್ಡ್ ಬದಲಾದರೂ ಅದು ಬದಲಾಗಲ್ಲ, ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕಡಿಮೆ ಅಂಕಿ ಇದೆ ಅಂತ ಹಗುರವಾಗಿ ನೋಡಬೇಡಿ. ಕದ್ದ ಪಿನ್ ಇಟ್ಟುಕೊಂಡು ಬೇರೆ ಯಂತ್ರದಿಂದ ನಿಮ್ಮ ಅಕೌಂಟ್‌ಗೆ ಬರಲು ಆಗಲ್ಲ. ಒಂದೇ ತೊಂದರೆ, ದಿನಾ ಒತ್ತದ ಪಾಸ್‌ವರ್ಡ್ ಮರೆತೇಹೋಗುತ್ತದೆ, ಹಾಳು ವಿಪಿಎನ್ ಕೇಳುವುದು ಅದನ್ನೇ.

ಪದೇ ಪದೇ ಪಾಸ್‌ವರ್ಡ್ ಬದಲಿಸುವ ನಿಯಮಕ್ಕೆ ನಾನು ಕೊಡುವುದು ಸೊನ್ನೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಕಾರಣವಿಲ್ಲದೆ ಅವಧಿ ಹಾಕಿ ಬದಲಿಸಬೇಡಿ ಅಂದಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಶಿಫಾರಸುಗಳಿಂದ ಅದನ್ನು ಕೈಬಿಟ್ಟಿತು. ನಮ್ಮಲ್ಲಿ ಇನ್ನೂ ಇದೆ. ಕೇಳಿದರೆ ಆಡಿಟ್ ಅನ್ನುತ್ತಾರೆ. ಜನ ಮಾಡುವುದಾದರೂ ಏನು? ಕೊನೆಯಲ್ಲಿರುವ 7ನ್ನು 8 ಮಾಡುತ್ತಾರೆ.

ಈಚೆಗೆ ಹೊಸ ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಬಂತು. ಹಿಂದೊಮ್ಮೆ ಹೀಗೇ ಬಂದದ್ದನ್ನು ಸಾಗರದ ಕೊರಿಯರ್ ಅಂಗಡಿಯಿಂದ ತಂದು ಆನ್ ಮಾಡಿದರೆ "ನಿಮ್ಮ ಡೊಮೇನ್ ಸಿಗುತ್ತಿಲ್ಲ" ಅಂದಿತ್ತು. ಆಫೀಸಲ್ಲಿ ಯಾರೋ ಅವರ ಹೆಸರಲ್ಲಿ ಲಾಗಿನ್ ಆಗಿ ಎಲ್ಲ ಸಿದ್ಧ ಮಾಡಿದ್ದರು, ನನ್ನ ಗುರುತು ಅದರಲ್ಲಿ ಎಲ್ಲಿಂದ ಬರಬೇಕು. ಈ ಸಲದ್ದು ಹಾಗಲ್ಲ. ಇದು ಆಫೀಸಿನ ಡೊಮೇನ್‌ಗೆ ಸೇರಿಲ್ಲ, ಮೈಕ್ರೋಸಾಫ್ಟ್‌ನ ಕ್ಲೌಡ್‌ನಲ್ಲಿರುವ ಲಾಗಿನ್ ವ್ಯವಸ್ಥೆ ಎಂಟ್ರಾ ಐಡಿಗೆ ಸೇರಿದೆ, 2023ರವರೆಗೆ ಅಜೂರ್ ಎಡಿ ಅನ್ನುತ್ತಿದ್ದದ್ದು. ಇಂಟರ್ನೆಟ್ ಇದ್ದರೆ ಸಾಕು, ಮೊದಲ ಲಾಗಿನ್ನೇ ಮನೆಯ ಜಗಲಿಯಲ್ಲಿ ಆಯಿತು. ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಬದಲಿಸಿದರೂ ಮುಂದಿನ ಲಾಗಿನ್‌ಗೆ ಹೊಸದೇ ನಡೆಯುತ್ತದೆ, ವಿಪಿಎನ್ ಹಾಕಿ ಲಾಕ್ ಮಾಡಿ ಅನ್ನುವ ಸರ್ಕಸ್ ಇಲ್ಲ. ಇಂಟರ್ನೆಟ್ ಇಲ್ಲದ ಹೊತ್ತಲ್ಲಿ ಇದೂ ಹಳೆಯದರಂತೆ ನೆನಪಿನಿಂದಲೇ ತೆರೆಯುತ್ತದೆ. ಹಳೆಯ ಫೈಲ್ ಸರ್ವರ್‌ಗೆ ಮಾತ್ರ ಈಗಲೂ ವಿಪಿಎನ್ ಬೇಕು. ಹಳೆಯ ಲ್ಯಾಪ್‌ಟಾಪನ್ನು ವಾಪಸ್ ಕಳಿಸಿ ಅನ್ನುತ್ತಿದ್ದಾರೆ. ಹೊಸದರಲ್ಲಿ ಒಂದು ಪಾಸ್‌ವರ್ಡ್ ಬದಲಾವಣೆ ಸರಿಯಾಗಿ ದಾಟುವವರೆಗೆ ನಾನಂತೂ ಕೊರಿಯರ್‌ನವನಿಗೆ ಫೋನ್ ಮಾಡಲ್ಲ.