ಒಳಗಿನ ಡೀಸೆಲ್ಲೋ, ಹಿಂದಿನ ಔಟ್‌ಬೋರ್ಡೋ: ವಿಹಾರ ದೋಣಿಗೆ ಎಂಜಿನ್ ಆರಿಸುವ ಮುನ್ನ

ಎಂಜಿನ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಎಚ್‌ಪಿ ಬೇಕು ಎಂದು. ಆ ಲೆಕ್ಕ ಆಮೇಲೆ ಮಾಡಿದರೂ ನಡೆಯುತ್ತದೆ. ಮೊದಲು ಎರಡು ಅಂಕಿ ಬರೆದಿಟ್ಟುಕೊಳ್ಳಿ: ಜನ, ನೀರು, ಇಂಧನ, ಸಾಮಾನು ಎಲ್ಲ ಸೇರಿ ದೋಣಿ ಎಷ್ಟು ಟನ್ ತೂಗುತ್ತದೆ, ಮತ್ತು ವರ್ಷಕ್ಕೆ ಎಂಜಿನ್ ಎಷ್ಟು ಗಂಟೆ ಓಡುತ್ತದೆ. 2 ಟನ್ನಿನೊಳಗಿನ ದೋಣಿ, ವರ್ಷಕ್ಕೆ 50 ಗಂಟೆ ಓಟ ಎಂದಾದರೆ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ತೂಗುಹಾಕುವ ಪೆಟ್ರೋಲ್ ಎಂಜಿನ್), ಎರಡನೇ ಮಾತಿಲ್ಲ. ನೀರಿನ ಮೇಲೆದ್ದು ವೇಗವಾಗಿ ಓಡುವ 18-25 ಅಡಿಯ ಹಗುರ ದೋಣಿಗೂ ಅದೇ ಸರಿ. 4 ಟನ್ ದಾಟಿದ, ತೀರ ಬಿಟ್ಟು ದಿನಗಟ್ಟಲೆ ಹೋಗುವ ಹಾಯಿದೋಣಿಗೆ ಡೀಸೆಲ್. ತಲೆನೋವೆಲ್ಲ ನಡುವಿನವರದು: 25ರಿಂದ 30 ಅಡಿಯ ಹಾಯಿದೋಣಿ, ಒಳಗಿನ ಹಳೆ ಡೀಸೆಲ್ ಕೈಕೊಟ್ಟಿದೆ, ಹೊಸದನ್ನು ಕೂರಿಸಬೇಕೋ ಅಥವಾ ಹಿಂಬದಿಗೆ ಬ್ರಾಕೆಟ್ ಹಾಕಿ ಔಟ್‌ಬೋರ್ಡ್ ತೂಗುಹಾಕಿದರೆ ಸಾಕೋ? ಈ ವಿಮರ್ಶೆಯ ಹೆಚ್ಚಿನ ಪಾಲು ಅವರಿಗಾಗಿ.

ನೀರನ್ನು ಸೀಳಿಕೊಂಡು ಸಾಗುವ ಭಾರದ ದೋಣಿಗೆ ಒಂದು ವೇಗದ ಮಿತಿಯಿದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್ (ಗಂಟೆಗೆ ಸುಮಾರು 1.85 ಕಿಮೀ) ಲೆಕ್ಕದಲ್ಲಿ ಸಿಗುತ್ತದೆ. 25 ಅಡಿಗೆ 6.7 ನಾಟ್. ಅದರ ಮೇಲೆ ಎಷ್ಟು ಎಚ್‌ಪಿ ಸುರಿದರೂ ಹಿಂಬದಿ ಕುಸಿದು ಅಲೆ ಏಳುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ. ಟನ್ನಿಗೆ 3ರಿಂದ 4 ಎಚ್‌ಪಿ ಇದ್ದರೆ ಎದುರುಗಾಳಿಗೂ ಸಾಕಾಗುತ್ತದೆ. ಹಾಗಾದರೆ 3 ಟನ್ನಿನ ದೋಣಿಗೆ 10 ಎಚ್‌ಪಿ ಔಟ್‌ಬೋರ್ಡ್ ಸಾಲಬೇಕಲ್ಲ? ಕಾಗದದ ಮೇಲೆ ಸಾಲುತ್ತದೆ. ನೀರಿನಲ್ಲಿ ಸಾಲದಿರಲು ಕಾರಣ ಪ್ರೊಪೆಲರ್. ಸಾಮಾನ್ಯ 9.9 ಎಚ್‌ಪಿ ಔಟ್‌ಬೋರ್ಡಿನ ಪ್ರೊಪೆಲರ್ 9 ಇಂಚಿನ ಆಸುಪಾಸು, ಎಂಜಿನ್ 5,000-6,000 ಆರ್‌ಪಿಎಂನಲ್ಲಿ ತಿರುಗುತ್ತದೆ. ಹಗುರ ದೋಣಿಯನ್ನು ಓಡಿಸಲು ಮಾಡಿದ್ದು ಅದು. ಸಣ್ಣ ಡೀಸೆಲ್ 3,000-3,600 ಆರ್‌ಪಿಎಂನಲ್ಲಿ ತಿರುಗಿ, ಗೇರ್‌ಬಾಕ್ಸ್‌ನಲ್ಲಿ ಅರ್ಧಕ್ಕಿಂತ ಕಡಿಮೆಗೆ ಇಳಿದು, 14-16 ಇಂಚಿನ ದೊಡ್ಡ ಪ್ರೊಪೆಲರನ್ನು ನಿಧಾನಕ್ಕೆ ತಿರುಗಿಸುತ್ತದೆ. ದೊಡ್ಡ ರೆಕ್ಕೆ ಹೆಚ್ಚು ನೀರನ್ನು ಹಿಡಿದು ತಳ್ಳುತ್ತದೆ. ದಡಕ್ಕೆ ಬರುವಾಗ ರಿವರ್ಸ್ ಹಾಕಿ 4 ಟನ್ ನಿಲ್ಲಿಸಬೇಕಾದಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಆದ್ದರಿಂದ ಹಾಯಿದೋಣಿಗೆ ಔಟ್‌ಬೋರ್ಡ್ ಎಂದು ತೀರ್ಮಾನಿಸಿದರೆ ಹೈ ಥ್ರಸ್ಟ್ ಮಾದರಿಯನ್ನೇ, ಅಂದರೆ ದೊಡ್ಡ ಪ್ರೊಪೆಲರನ್ನು ನಿಧಾನಕ್ಕೆ ತಿರುಗಿಸುವುದನ್ನೇ ಕೇಳಿ. ಯಮಾಹಾದ ಎಫ್9.9ರಲ್ಲಿ ಗೇರ್ ಅನುಪಾತ (ಪ್ರೊಪೆಲರಿನ ಒಂದು ಸುತ್ತಿಗೆ ಎಂಜಿನ್ ತಿರುಗುವ ಸುತ್ತು) 2.08, ಅದೇ ಎಚ್‌ಪಿಯ ಟಿ9.9ರಲ್ಲಿ 2.92. ಜೊತೆಗೆ ಪ್ರೊಪೆಲರ್ ಸುಮಾರು 12 ಇಂಚಿನದು. ಎಚ್‌ಪಿ ಒಂದೇ, ಎಳೆತ ಬೇರೆ. ಕೆಲವು ಕೆಜಿ ತೂಕ ಹೆಚ್ಚಾದರೂ 2 ಟನ್ ಮೀರಿದ ದೋಣಿಗೆ ಇದೇ ಸರಿ. ಟೊಹಾಟ್ಸು 9.8 ಬಹಳ ಹಗುರ, ಒಬ್ಬರೇ ಎತ್ತಿ ಇಳಿಸಬಹುದು. ಹಗುರ ದೋಣಿಗೆ ನಾವು ಕಣ್ಣುಮುಚ್ಚಿ ಹೇಳುವ ಎಂಜಿನ್ ಅದು, 3 ಟನ್ನಿಗೆ ಮಾತ್ರ ಹೇಳುವುದಿಲ್ಲ.

ಶಾಫ್ಟ್ ಉದ್ದದಲ್ಲಿ ಎಡವುವವರೇ ಜಾಸ್ತಿ. 15 ಇಂಚು ಶಾರ್ಟ್, 20 ಲಾಂಗ್, 25 ಎಕ್ಸ್‌ಟ್ರಾ ಲಾಂಗ್. ಬ್ರಾಕೆಟ್ ಹಲಗೆಯ ಮೇಲಂಚಿನಿಂದ, ಪ್ರೊಪೆಲರ್ ಮೇಲಿರುವ ಚಪ್ಪಟೆ ತಟ್ಟೆಯವರೆಗಿನ ಅಳತೆ ಇದು. ಹಾಯಿದೋಣಿಯಲ್ಲಿ ದೋಣಿ ನಿಂತಿರುವಾಗ ಆ ತಟ್ಟೆ ನೀರಿನೊಳಗೆ 4-6 ಇಂಚಾದರೂ ಇಳಿದಿರಬೇಕು. ಅಷ್ಟಿದ್ದರೂ ಎದುರಲೆಯಲ್ಲಿ ಮೂತಿ ಕೆಳಗಾಗಿ ಹಿಂಬದಿ ಮೇಲೆದ್ದರೆ ಪ್ರೊಪೆಲರ್ ಗಾಳಿ ಎಳೆದುಕೊಳ್ಳುತ್ತದೆ. ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಇದು ಆಗುವುದು ಅಳಿವೆ ಬಾಯಲ್ಲಿ, ಅಲೆ ಗಿಡ್ಡವಾಗಿ ಕಡಿದಾಗಿರುವ ಕಡೆ, ಅಂದರೆ ಎಂಜಿನ್ ತೀರಾ ಬೇಕಾದ ಜಾಗದಲ್ಲೇ. ನಮ್ಮ ಮಟ್ಟಿಗೆ ಔಟ್‌ಬೋರ್ಡಿನ ಅತಿದೊಡ್ಡ ಕೊರತೆ ಇದು. ಮಿಕ್ಕವನ್ನು ನಿರ್ವಹಣೆಯಿಂದ ಸರಿದೂಗಿಸಬಹುದು, ಇದನ್ನು ಆಗದು.

ಇಂಧನದ ಲೆಕ್ಕಕ್ಕೆ ಬಂದರೆ ಡೀಸೆಲ್ ಸ್ಪಷ್ಟವಾಗಿ ಮುಂದು. 7 ಕಿಲೋವ್ಯಾಟ್ ಶಕ್ತಿ ಎಳೆಯುವಾಗ ಸಣ್ಣ ಡೀಸೆಲ್ ಗಂಟೆಗೆ ಸುಮಾರು 2 ಲೀಟರ್ ಕುಡಿದರೆ ಪೆಟ್ರೋಲ್ ಔಟ್‌ಬೋರ್ಡ್ 3ರ ಆಸುಪಾಸು ಕುಡಿಯುತ್ತದೆ. ವರ್ಷಕ್ಕೆ 30 ಗಂಟೆ ಓಡಿಸುವವರಿಗೆ ಇದು ಲೆಕ್ಕಕ್ಕೇ ಬಾರದು, 300 ಗಂಟೆಯವರಿಗೆ ಬಹಳವಾಗುತ್ತದೆ. ಅದಕ್ಕಿಂತ ಮುಖ್ಯ ಪೆಟ್ರೋಲಿನ ಆವಿ. ಅದು ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳಕ್ಕಿಳಿದು ಕಿಡಿಗಾಗಿ ಕಾದು ಕೂರುತ್ತದೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಡೀಸೆಲ್ ಹಾಗೆ ಬಿಡಲು 50 ಡಿಗ್ರಿ ಮೀರಬೇಕು. ಆದ್ದರಿಂದ ಔಟ್‌ಬೋರ್ಡ್ ಟ್ಯಾಂಕ್ ಇಡುವ ಪೆಟ್ಟಿಗೆ ಕ್ಯಾಬಿನ್ ಕಡೆಗೆ ಸಂಪೂರ್ಣ ಮುಚ್ಚಿರಬೇಕು, ತಳದಿಂದ ಹೊರಕ್ಕೆ ಗಾಳಿ ಹೋಗುವ ತೂತಿರಬೇಕು. ಮಲಗುವ ಜಾಗದ ಕೆಳಗೆ ಪೆಟ್ರೋಲ್ ಡಬ್ಬಿ ಇಡುವ ಅಭ್ಯಾಸವನ್ನು ಇವತ್ತೇ ಬಿಡಿ.

ಬ್ಯಾಟರಿ ಚಾರ್ಜಿಂಗ್ ಬಗ್ಗೆ ಕೊಳ್ಳುವಾಗ ಯಾರೂ ಯೋಚಿಸುವುದಿಲ್ಲ. ಸಣ್ಣ ಔಟ್‌ಬೋರ್ಡ್ 12 ವೋಲ್ಟಿನಲ್ಲಿ ಕೊಡುವುದು 6ರಿಂದ 15 ಆಂಪಿಯರ್, ಅದೂ ಜೋರಾಗಿ ಓಡುವಾಗ. ಈಗಿನ ಯಾನ್‌ಮಾರ್ ವೈಎಂ ಸಾಲಿನ ಡೀಸೆಲ್‌ಗೆ 125 ಆಂಪಿಯರ್ ಆಲ್ಟರ್ನೇಟರ್ ಬರುತ್ತದೆ. ಫ್ರಿಜ್, ಆಟೋಪೈಲಟ್ ಇರುವ ದೋಣಿಗೆ ಔಟ್‌ಬೋರ್ಡ್ ಹಾಕಿದರೆ ಸೋಲಾರ್ ಪ್ಯಾನೆಲ್ ಕೂಡ ಹಾಕಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಡೀಸೆಲ್ಲೇ ಗೆದ್ದಂತೆ ಕಾಣಬಹುದು. ಆದರೆ ಡೀಸೆಲ್ ಬಳಸದೆ ಬಿಟ್ಟರೆ ಹಾಳಾಗುವ ಎಂಜಿನ್. ಚೆನ್ನಾಗಿ ನೋಡಿಕೊಂಡರೆ 5,000 ಗಂಟೆ ದಾಟುತ್ತದೆ ಎಂಬುದು ನಿಜ. ವರ್ಷಕ್ಕೆ 40 ಗಂಟೆ ಓಡಿಸುವವರಿಗೆ ಅದು 125 ವರ್ಷ! ಅಷ್ಟರೊಳಗೆ ತುಕ್ಕು ಅದನ್ನು ಮುಗಿಸಿರುತ್ತದೆ. ಲೋಡ್ ಇಲ್ಲದೆ ಸುಮ್ಮನೆ ಐಡಲ್‌ನಲ್ಲಿ ಓಡಿಸಿ ಬ್ಯಾಟರಿ ಚಾರ್ಜ್ ಮಾಡುವುದು ಇನ್ನೂ ಕೆಟ್ಟದ್ದು. ಎಂಜಿನ್ ಸರಿಯಾಗಿ ಕಾಯದೆ ಮಸಿ ಕಟ್ಟುತ್ತದೆ, ಸಿಲಿಂಡರ್ ಗೋಡೆ ಗಾಜಿನಂತೆ ನುಣುಪಾಗಿ ಆಯಿಲ್ ತಿನ್ನತೊಡಗುತ್ತದೆ. ಓಡಿಸಿದಾಗಲೆಲ್ಲ ಸ್ವಲ್ಪ ಹೊತ್ತಾದರೂ ಗರಿಷ್ಠ ಆರ್‌ಪಿಎಂನ 80 ಶೇಕಡಾದಲ್ಲಿ ದುಡಿಸಿ.

ಡೀಸೆಲ್ ಮಾಲೀಕರು ಕಣ್ಣಿಡಬೇಕಾದ ಒಂದು ಭಾಗವಿದೆ: ಎಕ್ಸಾಸ್ಟ್ ಎಲ್ಬೋ. ಕೂಲಿಂಗ್ ಮುಗಿಸಿದ ಸಮುದ್ರದ ನೀರು ಬಿಸಿ ಹೊಗೆಯೊಡನೆ ಸೇರುವ ಜಾಗ ಅದು. ಉಪ್ಪು, ಮಸಿ, ಶಾಖ ಮೂರೂ ಅಲ್ಲೇ ಕೂಡುವುದರಿಂದ ಒಳಗೆ ಕಲ್ಲಿನಂಥ ಪದರ ಬೆಳೆಯುತ್ತದೆ. ಹೊಗೆ ಕಪ್ಪಾಗುತ್ತದೆ, ಆರ್‌ಪಿಎಂ 200-300 ಇಳಿಯುತ್ತದೆ, ಆಮೇಲೆ ಎಂಜಿನ್ ಬಿಸಿಯೇರುತ್ತದೆ. ಜನ ಇಂಜೆಕ್ಟರ್ ಬಿಚ್ಚಿಸುತ್ತಾರೆ, ಪಂಪ್ ರಿಪೇರಿಗೆ ಕೊಡುತ್ತಾರೆ, ತೊಂದರೆ ಮಾತ್ರ ಹಾಗೇ ಉಳಿಯುತ್ತದೆ. 250-500 ಗಂಟೆಗೊಮ್ಮೆ ಹೋಸ್ ಕ್ಲಿಪ್ ಸಡಿಲಿಸಿ, ಬೋಲ್ಟು ತೆಗೆದು ಎಲ್ಬೋ ಕೈಗೆತ್ತಿಕೊಳ್ಳಿ. ಬೆರಳು ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ ಮಾತ್ರ ತೂರುತ್ತದೆ ಎಂದಾದರೆ ಕಾರಣ ಸಿಕ್ಕಿತು. ಕೆರೆದು ತೆಗೆದ ಮೇಲೆ ಗೋಡೆ ತೆಳುವಾಗಿದ್ದರೆ ಹೊಸದನ್ನೇ ಹಾಕಿ, ಗ್ಯಾಸ್ಕೆಟ್ ಅಂತೂ ಪ್ರತಿಸಲ ಹೊಸದೇ ಇರಲಿ.

ಮಿಕ್ಕಂತೆ ಡೀಸೆಲ್ ನಡುನೀರಲ್ಲಿ ನಿಲ್ಲುವುದು ಹೆಚ್ಚಾಗಿ ಇಂಧನದ ದೆಸೆಯಿಂದ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವ ನೀರಾಗಿ ಇಳಿಯುತ್ತದೆ, ನೀರು ಮತ್ತು ಡೀಸೆಲ್ ಕೂಡುವಲ್ಲಿ ಸೂಕ್ಷ್ಮಜೀವಿ ಬೆಳೆದು ಕರಿ ಲೋಳೆಯಾಗುತ್ತದೆ, ಅಲೆ ಕುಲುಕಿದಾಗ ಅದು ಎದ್ದು ಫಿಲ್ಟರ್ ಕಟ್ಟುತ್ತದೆ. ಟ್ಯಾಂಕ್ ತುಂಬಿಸಿಡಿ, ಎಂಜಿನ್ನಿಗೆ ಮುಂಚೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಇರಲಿ, ಬಿಡಿ ಫಿಲ್ಟರ್ ಎರಡು ದೋಣಿಯಲ್ಲೇ ಇರಲಿ. ಫಿಲ್ಟರ್ ಬದಲಿಸಿದ ಮೇಲೆ ಏರ್ ತೆಗೆಯಬೇಕು: ಎಂಜಿನ್ ಫಿಲ್ಟರ್ ತಲೆಯ ಮೇಲಿನ ಸಣ್ಣ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಲಿಫ್ಟ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪ್) ಲಿವರ್ ಒತ್ತುತ್ತಾ ಹೋಗಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವಾಗ ಹರಿಯುತ್ತಿರುವಂತೆಯೇ ಬಿಗಿ ಮಾಡಿ. ಲಿವರ್ ಒತ್ತಿದರೂ ಜೋಲುಬಿದ್ದಂತೆ ಅನ್ನಿಸಿದರೆ ಪಂಪ್ ಹಾಳಾಗಿಲ್ಲ, ಪಂಪನ್ನು ಒತ್ತುವ ಎಂಜಿನ್ನಿನ ಕ್ಯಾಮ್ ಎತ್ತರದಲ್ಲಿ ನಿಂತಿದೆ. ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನುಗಳ ಕ್ರಮ ಇದು, ಕಾಮನ್ ರೈಲ್ (ಬಹಳ ಹೆಚ್ಚಿನ ಒತ್ತಡದಲ್ಲಿ ಇಂಧನ ಸಿಂಪಡಿಸುವ ಹೊಸ ಬಗೆಯ) ಎಂಜಿನ್ನಿನ ಇಂಜೆಕ್ಟರ್ ನಟ್ಟು ಯಾವತ್ತೂ ಸಡಿಲಿಸಬಾರದು. ಏರ್ ಹಿಡಿದ ಎಂಜಿನ್ನಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುವಾಗ ಸಮುದ್ರದ ನೀರಿನ ವಾಲ್ವ್ ಮುಚ್ಚಿ. ಹೊಗೆಯ ಒತ್ತಡವಿಲ್ಲದೆ ನೀರು ಹೊರಹೋಗದು, ಮಫ್ಲರ್ ತುಂಬಿ ಸಿಲಿಂಡರಿಗೇ ನುಗ್ಗಿ ಎಂಜಿನ್ ಹೋಗುತ್ತದೆ. ಹೊತ್ತಿಕೊಂಡ ತಕ್ಷಣ ವಾಲ್ವ್ ತೆರೆಯಿರಿ.

ಔಟ್‌ಬೋರ್ಡಿನ ಕಾಯಿಲೆಗಳು ಸಣ್ಣವು, ಆದರೆ ಹಠಮಾರಿ. ಹಳೆ ಪೆಟ್ರೋಲ್ ಮೊದಲನೆಯದು. ಎಥನಾಲ್ ಬೆರೆತ ಪೆಟ್ರೋಲ್ ತೇವ ಎಳೆದುಕೊಳ್ಳುತ್ತದೆ, ಮಿತಿ ಮೀರಿದರೆ ನೀರು-ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತದೆ, ಪೈಪ್ ಹೀರುವುದು ತಳದಿಂದಲೇ. ಕಾರ್ಬ್ಯುರೇಟರ್ ಇದ್ದರೆ ಐಡಲ್ ಜೆಟ್ ಕೂದಲೆಳೆಯಷ್ಟು ಸಣ್ಣದು, ಒಣಗಿದ ಪೆಟ್ರೋಲಿನ ಅಂಟಿಗೇ ಕಟ್ಟುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಸ್ಟೆಬಿಲೈಸರ್ ಹಾಕಿ, ಕಾರ್ಬ್ಯುರೇಟರ್ ಬೌಲ್ ಖಾಲಿ ಮಾಡಿ. ಉಪ್ಪುನೀರಿಂದ ಬಂದ ಮೇಲೆ 10-15 ನಿಮಿಷ ಸಿಹಿನೀರು ಹಾಯಿಸಿ. ನೀರಿಲ್ಲದೆ ಎಂಜಿನ್ ಶುರು ಮಾಡಿದರೆ ಕೂಲಿಂಗ್ ನೀರು ತಳ್ಳುವ ರಬ್ಬರ್ ಇಂಪೆಲರ್ ಕ್ಷಣಗಳಲ್ಲೇ ಸುಟ್ಟುಹೋಗುತ್ತದೆ.

ಔಟ್‌ಬೋರ್ಡಿನ ಗೇರ್ ಆಯಿಲ್ ಮೊದಲ 20 ಗಂಟೆಗೆ, ಆಮೇಲೆ 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಿ. ಕೆಳಗಿನ ಸ್ಕ್ರೂ, ನಂತರ ಮೇಲಿನದು ತೆಗೆದು ಪೂರ್ತಿ ಇಳಿಸಿ. ಬಣ್ಣ ನೋಡಿ: ಹಾಲು ಬೆರೆಸಿದ ಕಾಫಿಯಂತಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ. ಹೊಸ ಆಯಿಲ್ ಕೆಳಗಿನ ತೂತಿನಿಂದ ಮೇಲಕ್ಕೆ ಒತ್ತಿ ತುಂಬಿಸಬೇಕು. ಮೇಲಿಂದ ಸುರಿದರೆ ಒಳಗೆ ಗಾಳಿ ಉಳಿದು ಗೇರ್ ಒಣಗುತ್ತದೆ. ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದ ಆಯಿಲ್ ಬಂದಾಗ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು. ಎರಡಕ್ಕೂ ಹೊಸ ವಾಷರ್.

ಈಗ ನಡುವಿನವರ ಪ್ರಶ್ನೆಗೆ ನೇರ ಉತ್ತರ. ದೋಣಿ 3 ಟನ್ನಿನೊಳಗೆ, ಓಡಾಟ ಕೊಲ್ಲಿ, ಸರೋವರ, ನದಿಯಂಥ ಶಾಂತ ನೀರಲ್ಲಿ, ವರ್ಷಕ್ಕೆ 60 ಗಂಟೆಯೊಳಗೆ ಎಂದಾದರೆ ಹಳೆ ಡೀಸೆಲ್ ಎತ್ತಿ ಹೊರಗಿಟ್ಟು ಹೈ ಥ್ರಸ್ಟ್ ಔಟ್‌ಬೋರ್ಡ್ ಹಾಕಿ. ಎತ್ತಿಡಬಹುದಾದ್ದರಿಂದ ಪ್ರೊಪೆಲರಿಗೆ ಕಪ್ಪೆಚಿಪ್ಪು ಹತ್ತುವುದಿಲ್ಲ, ನೀರಿನಲ್ಲಿ ಎಳೆಯುವ ಸ್ಥಿರ ಪ್ರೊಪೆಲರ್ ಹೋದದ್ದರಿಂದ ಹಾಯಿಯಲ್ಲಿ ಓಟವೂ ಸುಧಾರಿಸುತ್ತದೆ. ಆದರೆ ನಡುವಿಂದ 100 ಕೆಜಿಗೂ ಹೆಚ್ಚು ತೆಗೆದು ತೀರಾ ಹಿಂದಕ್ಕೆ 50 ಕೆಜಿ ತೂಗುಹಾಕುತ್ತಿದ್ದೀರಿ, ಬ್ಯಾಟರಿಯನ್ನು ಹಳೆ ಎಂಜಿನ್ ಜಾಗಕ್ಕೆ ತಂದು ಸಮತೋಲ ನೋಡಿ. ಹಳೆ ಪ್ರೊಪೆಲರ್ ಶಾಫ್ಟ್ ಹೊರಬರುತ್ತಿದ್ದ ದೋಣಿಯ ತೂತಿಗೆ ಮರದ ಬೆಣೆ ಜಡಿದು ಬಿಡಬೇಡಿ, ಒಳಗೂ ಹೊರಗೂ ಫೈಬರ್‌ಗ್ಲಾಸ್ ಪದರ ಕಟ್ಟಿಸಿ. ತೆರೆದ ಸಮುದ್ರಕ್ಕೆ ಹೋಗುವವರು, ಪ್ರವಾಹ ಜೋರಿರುವ ಅಳಿವೆ ದಾಟುವವರು ಹೊಸ ಡೀಸೆಲ್ಲನ್ನೇ ಕೂರಿಸಬೇಕು. ಯಾನ್‌ಮಾರ್ 2ವೈಎಂ15, ವೋಲ್ವೋ ಪೆಂಟಾ ಡಿ1-13, ಕುಬೋಟಾ ಎಂಜಿನ್ ಆಧರಿಸಿದ ಬೀಟಾ ಮೂರೂ ಈ ಅಳತೆಗೆ ಹೊಂದುತ್ತವೆ. ಮೂರರಲ್ಲಿ ನಮ್ಮ ಒಲವು ಬೀಟಾ ಕಡೆಗೆ. ಆಯಿಲ್ ಇಳಿಸುವ ಕೈಪಂಪ್ ಎಂಜಿನ್ನಿಗೇ ಜೋಡಿಸಿ ಬರುತ್ತದೆ, ಇಕ್ಕಟ್ಟಿನ ದೋಣಿಯಲ್ಲಿ ಅದರ ಬೆಲೆ ಮೊದಲ ಆಯಿಲ್ ಬದಲಾವಣೆಯಲ್ಲೇ ಗೊತ್ತಾಗುತ್ತದೆ. ಕೂರಿಸುವಾಗ ಗೇರ್‌ಬಾಕ್ಸ್ ಮತ್ತು ಶಾಫ್ಟಿನ ಕಪ್ಲಿಂಗ್ ನಡುವಿನ ಸಂದು ಸುತ್ತಲೂ 0.1 ಮಿಮೀ ಒಳಗೆ ಸಮ ಇರಬೇಕು. ದೋಣಿ ನೀರಿಗಿಳಿದು ಒಂದೆರಡು ದಿನ ಕಳೆದ ಮೇಲೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಾಕಿ ನೋಡಿ, ದಡದ ಮೇಲೆ ಮಾಡಿದ ಅಳತೆ ನೀರಿನಲ್ಲಿ ಹಾಗೇ ಉಳಿಯುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಎಂಜಿನ್ ಮೇಲೆ ಕೈಯಿಡಿ. ನೀವು ಬರುವ ಮುಂಚೆ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ, ತಣ್ಣಗಿದ್ದಾಗಲೇ ಅದರ ನಿಜ ತಿಳಿಯುವುದು. ಎವಿನ್‌ರೂಡ್ ಔಟ್‌ಬೋರ್ಡ್ ತಯಾರಿಕೆ 2020ರಲ್ಲೇ ನಿಂತಿದೆ, ಬಿಡಿಭಾಗ ಎಲ್ಲಿ ಸಿಗುತ್ತದೆಂದು ಖಚಿತ ಮಾಡಿಕೊಳ್ಳದೆ ಮುಂಗಡ ಕೊಡಬೇಡಿ. ಯಾವ ಎಂಜಿನ್ನೇ ಆಗಲಿ, ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಕಂಪನಿ ಹೇಳಿದ ಗರಿಷ್ಠ ಆರ್‌ಪಿಎಂ ಮುಟ್ಟುತ್ತದೆಯೇ ನೋಡಿ. ಮುಟ್ಟದಿದ್ದರೆ ದೋಣಿಯ ತಳದ ಪಾಚಿ ಉಜ್ಜಿಸಿ ಮತ್ತೆ ಪರೀಕ್ಷಿಸಿ. ಆಗಲೂ ಮುಟ್ಟದ ಔಟ್‌ಬೋರ್ಡಿಗೆ ಒಂದಿಂಚು ಕಡಿಮೆ ಪಿಚ್ಚಿನ (ಪಿಚ್ ಎಂದರೆ ಒಂದು ಸುತ್ತಿಗೆ ಪ್ರೊಪೆಲರ್ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಪ್ರೊಪೆಲರ್ ಹಾಕಿದರೆ 150-200 ಆರ್‌ಪಿಎಂ ಏರುತ್ತದೆ. ಡೀಸೆಲ್ ಆಗಿದ್ದರೆ ಕಪ್ಪು ಹೊಗೆಯನ್ನೂ ಗಮನಿಸಿ, ಪ್ರೊಪೆಲರಿಗೆ ಕೈಹಾಕುವ ಮುಂಚೆ ಆ ಎಲ್ಬೋ ಬಿಚ್ಚಿಸಿ ನೋಡಿ.